ಮಂಡಿನೋವಿನ ಬೇರು

ಊಟಿ ಪ್ರವಾಸಕ್ಕೆ ಹೋದಾಗ ರಸ್ತೆಬದಿಯಿಂದ ಕಿತ್ತು, ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದ ಗಿಡ ಅದು. ವಸ್ತಾರೆಯ ನಿವೃತ್ತ ಮೇಷ್ಟ್ರು ವೆಂಕಟರಾಮ ಅವರ ಬಾವಿಕಟ್ಟೆಯ ಪಕ್ಕ ಎರಡೇ ವರ್ಷದಲ್ಲಿ ಎದೆಮಟ್ಟ ಬೆಳೆದು, ಮೈತುಂಬ ಮುಳ್ಳು ಹೊತ್ತು, ಕ್ಷೌರದ ಬ್ರಷ್ಷಿನಂಥ ನೇರಳೆ ಹೂ ಬಿಟ್ಟು ನಿಂತಿತ್ತು. ಬೆಳಿಗ್ಗೆ ಕಾಫಿಗೆ ಬಂದ ರೂಪಶ್ರೀ, ಮೇಷ್ಟ್ರ ಹಳೆಯ ಶಿಷ್ಯೆ, ಈಗ ಕೃಷಿ ಅಧಿಕಾರಿ, ಅದನ್ನು ನೋಡಿದವಳೇ ಲೋಟ ಕೆಳಗಿಟ್ಟಳು.

“ಇದು ಹೊರದೇಶದ ಕಳೆ ಸರ್. ಹೂ ಕೊಯ್ದು ಬಿಸಾಕಿದ್ರೂ ಬೀಜ ಬಲಿಯುತ್ತೆ, ಹತ್ತಿ ಥರ ಹಾರುತ್ತೆ. ಬೇರು ಬೆರಳುದ್ದ ಉಳಿದ್ರೆ ಸಾಕು, ಮತ್ತೆ ಚಿಗುರುತ್ತೆ. ದನ ಮೇಯೋ ಬ್ಯಾಣಕ್ಕೆ ಇಳಿದ್ರೆ ಹುಲ್ಲಿನ ಕತೆ ಮುಗೀತು. ಇವತ್ತೇ ಅಗೆದು ಸುಟ್ಟುಬಿಡಿ.”

ಊರಿನ ಕಳೆ ನಿರ್ಮೂಲನಾ ಸಂಘಕ್ಕೆ ಮೇಷ್ಟ್ರೇ ಅಧ್ಯಕ್ಷರು. ಕಳೆದ ವರ್ಷ ಬ್ಯಾಣದ ಲಂಟಾನ ಕೀಳಲು ಬಾರದವರ ಮನೆಮುಂದೆ ನಿಂತು ಭಾಷಣ ಬಿಗಿದಿದ್ದರು. ಈ ಪೀಡೆಯನ್ನು ತಂದವರು ಇವರೇ ಎಂದು ಗೊತ್ತಾದರೆ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ರೂಪಶ್ರೀ ಹೋದದ್ದೇ ತಡ, ಹೂವನ್ನೆಲ್ಲ ಬಚ್ಚಲೊಲೆಗೆ ಹಾಕಿ, ಪಂಚೆ ಎತ್ತಿ ಕಟ್ಟಿ ಅಗೆಯತೊಡಗಿದರು. ಬೇರೋ, ಪಾತಾಳಕ್ಕೆ ಹೊರಟಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಶಂಕರಮ್ಮ ಬೇಲಿಯಾಚೆಯಿಂದ ಇಣುಕಿ ಏನದು ಎಂದು ಕೇಳಿದರು. ಗಾಬರಿಯಲ್ಲಿ ಮೇಷ್ಟ್ರ ನಾಲಿಗೆಗೆ ಬಂದದ್ದು ಮಂಡಿನೋವಿನ ಔಷಧಿ ಎಂಬ ಮಾತು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳಾಡಬೇಡಿ ಎಂದ ಬಾಯಿ ಅದು. ಅವರಿಗೇ ನಾಚಿಕೆಯಾಯಿತು.

ಕಾಫಿತೋಟದ ಇಳಿಜಾರು ಹತ್ತಿಳಿಯುವ ಊರಲ್ಲಿ ಮಂಡಿನೋವಿಲ್ಲದವರು ಯಾರು? ಗಂಟೆಯೊಳಗೆ ಬೇಲಿಯುದ್ದಕ್ಕೂ ಜನ. ಎದುರುಮನೆಯ ಓಂಕಾರಪ್ಪ ಅರೆದು ಹಚ್ಚುವುದೋ ಕಷಾಯವೋ ಎಂದು ಕೇಳಿದ, ಇನ್ನೊಬ್ಬರು ಪಥ್ಯ ವಿಚಾರಿಸಿದರು. ಮೇಷ್ಟ್ರು ಸುಳ್ಳಿಗೆ ಸುಳ್ಳು ಪೋಣಿಸಿ ಎಲ್ಲರನ್ನೂ ಸಾಗಹಾಕಿ, ಬೇರನ್ನು ತುಂಡುತುಂಡಾಗಿ ಎತ್ತಿ ಬುಟ್ಟಿಗೆ ಹಾಕಿದರು. ಸುಡಲು ಕೊಟ್ಟಿಗೆಯಿಂದ ಸೌದೆ ತರುವಷ್ಟರಲ್ಲಿ ಬುಟ್ಟಿ ಖಾಲಿ.

ಮೂವತ್ತು ಮನೆಯ ದನ ಆ ಬ್ಯಾಣವನ್ನೇ ನಂಬಿದ್ದವು. ಮಾನ ಹೋದರೆ ಹೋಗಲಿ ಎಂದು ಮೇಷ್ಟ್ರು ಮನೆಮನೆಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ಅದು ಔಷಧಿಯಲ್ಲ, ಕಳೆ; ಕಿತ್ತು ತಂದವನೂ ನಾನೇ, ಸುಳ್ಳು ಹೇಳಿದವನೂ ನಾನೇ. ಒಬ್ಬರೂ ನಂಬಲಿಲ್ಲ. ಬೇರು ಮುಟ್ಟಿಯೇ ಇಲ್ಲ ಎಂದರು. ಔಷಧಿ ವಿಷಯದಲ್ಲಿ ಇಷ್ಟು ಜಿಪುಣತನ ಒಳ್ಳೆಯದಲ್ಲ ಎಂದು ಓಂಕಾರಪ್ಪ ಬುದ್ಧಿಯನ್ನೂ ಹೇಳಿದ.

ಸಂಜೆ ಕೊನೆಯದಾಗಿ ಶಂಕರಮ್ಮನ ಮನೆ. ಮೇಷ್ಟ್ರ ಸೋತ ಮುಖ ನೋಡಿ ಆಕೆಗೆ ಪಾಪ ಅನ್ನಿಸಿತು.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಕೇಳಿ ತಂದ್ರೆ ಗಿಡ ಹಿಡಿಯಲ್ಲ ಅಂತ ಕೇಳದೇ ತಗೊಂಡ್ವಿ. ನಮ್ಮನಮ್ಮಲ್ಲಿ ಜಗಳ ಬೇಡ ಅಂತ ಯಾರೂ ಮನೇಲಿ ಇಟ್ಕೊಂಡಿಲ್ಲ. ಊರಿಗೆಲ್ಲ ಆಗ್ಲಿ ಅಂತ ಅಷ್ಟನ್ನೂ ಬ್ಯಾಣದಲ್ಲೇ ನೆಟ್ವಿ. ಎಲ್ಲೆಲ್ಲಿ ಅಂತ ಮಾತ್ರ ನಿಮಗೆ ಹೇಳಬಾರದು ಅಂತ ಮಾತಾಗಿದೆ.”

ಮೇಷ್ಟ್ರು ಕತ್ತಲಾಗುತ್ತಿದ್ದ ಬ್ಯಾಣದ ಕಡೆ ತಿರುಗಿದರು. ಶಂಕರಮ್ಮ ನೀರಿನ ಲೋಟ ಕೊಟ್ಟು ಸಮಾಧಾನ ಮಾಡಿದರು.

“ನಿಮ್ಮನ್ನ ಮರೀತೀವಾ? ಹೆಸರು ಗೊತ್ತಿಲ್ಲದ ಗಿಡ ಅಲ್ವಾ, ಎಲ್ಲರೂ ಸೇರಿ ಹೆಸರಿಟ್ಟಿದೀವಿ. ಮೇಷ್ಟ್ರು ಗಿಡ.”