ನಮ್ಮತ್ತೆ ಮುಟ್ಟಿದ ಜಾವಾಸ್ಕ್ರಿಪ್ಟು

ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಪರದೆಯ ಮೇಲೆ ಏನಾಗಬೇಕು ಅಂತ ಬರೆಯೋದನ್ನ ಕ್ಲಾಸಿನಲ್ಲಿ ಚೆನ್ನಾಗಿಯೇ ಹೇಳಿಕೊಟ್ಟರು. ಆಮೇಲೆ ಮನೆಯೊಳಗೆ ಏನೇನಾಗುತ್ತೆ ಅನ್ನೋದನ್ನ ಮಾತ್ರ ಯಾರೂ ಹೇಳಲಿಲ್ಲ, ನಾನೇ ಒಂದೊಂದಾಗಿ ಅನುಭವಿಸಿ ಕಲಿತೆ.

ಎದ್ದು ನಿಂತ ಕ್ಲಾಸು

ನಾನು ಮದ್ದೂರಿನ ಕಡೆಯವಳು. ಮದುವೆಯಾಗಿ ತಮಿಳುನಾಡಿನ ಅನ್ನೂರಿಗೆ ಬಂದು ಹದಿನೇಳು ವರ್ಷ. ಗಂಡನ ಮನೆಯವರೂ ಕನ್ನಡದವರೇ, ಆದರೆ ಎಷ್ಟೋ ತಲೆಮಾರಿನಿಂದ ಇಲ್ಲೇ ಬೇಸಾಯ ಮಾಡಿಕೊಂಡಿರೋರು. ಮಗಳು ಹೈಸ್ಕೂಲು ಸೇರಿದ ಮೇಲೆ ಬೆಳಗಿನ ಹೊತ್ತು ಖಾಲಿ ಸಿಕ್ಕಿತು. ಸರಿ, ಕೊಯಮತ್ತೂರಿನಲ್ಲಿ ನಾಲ್ಕು ತಿಂಗಳ ಜಾವಾಸ್ಕ್ರಿಪ್ಟ್ ಕ್ಲಾಸಿಗೆ ಸೇರಿಕೊಂಡೆ. ಆಟ, ಚಿತ್ರ, ಸದ್ದು ಇರೋ ಪುಟಗಳನ್ನ ಮಾಡಿಸುತ್ತಲೇ ಕಲಿಸುತ್ತಾರೆ ಅಂತ ಕೇಳಿದ್ದೆ.

ಮೊದಲ ದಿನ ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು, ಕೈಯಲ್ಲಿ ನೋಟ್‌ಬುಕ್ ಹಿಡಿದು ಒಳಗೆ ಹೋದೆ. ಇಪ್ಪತ್ತು ಜನ ಹುಡುಗ ಹುಡುಗಿಯರು ದಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಅಂದರು. ನಾನೂ ಗಾಬರಿಯಲ್ಲಿ "ಕೂತ್ಕೊಳ್ಳಿ" ಅಂದುಬಿಟ್ಟೆ. ಎಲ್ಲರೂ ಕೂತರು. ಅಷ್ಟರಲ್ಲಿ ನಿಜವಾದ ಮಾಸ್ಟರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಬಾಗಿಲಿಗೆ ಬಂದ. ಬೋರ್ಡಿನ ಪಕ್ಕ ನಿಂತಿದ್ದ ನನ್ನನ್ನ ನೋಡಿ, "ಸಾರಿ ಮೇಡಂ, ನಾನು ತಪ್ಪು ಕ್ಲಾಸಿಗೆ ಬಂದೆ" ಅಂತ ವಾಪಸ್ ಹೋಗಿಬಿಟ್ಟ! ನಾನು ಓಡಿ ಹೋಗಿ ಕರೆದುಕೊಂಡು ಬರಬೇಕಾಯಿತು.

ಅವತ್ತೇ ಅವನು ಒಂದು ಮಾತು ಹೇಳಿದ. ಕೊನೆಯ ದಿನ ಎಲ್ಲರೂ ಒಂದೊಂದು ಪ್ರಾಜೆಕ್ಟ್ ತೋರಿಸಬೇಕು. ಚೆನ್ನಾಗಿ ಮಾಡಿದವರಿಗೆ ಅಲ್ಲೇ ಶನಿವಾರ ಚಿಕ್ಕ ಮಕ್ಕಳಿಗೆ ಕಲಿಸೋ ಕೆಲಸ ಕೊಡುತ್ತಾರೆ. ನಿಜ ಹೇಳ್ತೀನಿ, ಅದನ್ನ ಕೇಳಿದ ಕ್ಷಣದಿಂದ ಆ ಕೆಲಸದ ಮೇಲೆ ಆಸೆ ಹತ್ತಿಕೊಂಡಿತು. ಅಡಿಗೆ ಮನೆ, ಕೊಟ್ಟಿಗೆ, ಮಗಳ ಟಿಫನ್ ಡಬ್ಬಿ ಇವೆಲ್ಲ ಇದ್ದಿದ್ದೇ. "ಇದು ನನ್ನ ಕೆಲಸ" ಅಂತ ಹೇಳಿಕೊಳ್ಳೋಕೆ ನನಗೆ ಒಂದಾದರೂ ಬೇಕಿತ್ತು.

ಲ್ಯಾಪ್‌ಟಾಪಿನ ಹಸು

ಎರಡನೇ ವಾರ ಒಂದು ಹಸುವಿನ ಪುಟ ಮಾಡಿದೆ. ಮುಟ್ಟಿದರೆ "ಅಂಬಾ" ಅನ್ನುತ್ತೆ. ಇನ್ನೂ ಚೆನ್ನಾಗಿರಲಿ ಅಂತ, ಒಂದು ಸಲ ಮುಟ್ಟಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ತಾನಾಗಿಯೇ ಕೂಗೋ ಹಾಗೆ ಬರೆದೆ. ನಿಲ್ಲಿಸೋದನ್ನ ಬರೆಯೋಕೆ ಮರೆತೆ. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಸ್ನಾನಕ್ಕೆ ಹೋದೆ.

ಅಡಿಗೆ ಮನೆಯಲ್ಲಿದ್ದ ಅತ್ತೆಗೆ "ಅಂಬಾ" ಕೇಳಿಸಿತು. ಪಾಪ, ಹಸಿದಿದೆ ಅಂತ ಕಲಗಚ್ಚು ತಗೊಂಡು ಕೊಟ್ಟಿಗೆಗೆ ಹೋಗಿ ಇಟ್ಟು ಬಂದರು. ಬರುತ್ತಿದ್ದ ಹಾಗೇ ಮತ್ತೆ "ಅಂಬಾ". ಹುಲ್ಲು ಹಾಕಿ ಬಂದರು. ಮತ್ತೆ "ಅಂಬಾ". ಹಿಂಡಿ ಕಲಸಿ ಇಟ್ಟು ಬಂದರು. ನಾನು ತಲೆ ಒರೆಸಿಕೊಂಡು ಬರೋ ಹೊತ್ತಿಗೆ ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಈ ಹಸೂಗೆ ಏನೋ ಆಗೋಯ್ತು ಕಣ್ಣು, ವೈದ್ಯರನ್ನ ಕರಿ" ಅಂತಿದ್ದರು. ಈ ಕಡೆಯವರ ಹಾಗೆ, ಪ್ರೀತಿ ಬಂದರೂ ಭಯ ಬಂದರೂ ಅತ್ತೆಯ ಬಾಯಲ್ಲಿ ನಾನು "ಕಣ್ಣು".

ವಿಷಯ ತಿಳಿದ ಮೇಲೆ ಬೈದರು ನೋಡಿ, ಊರಿಗೆಲ್ಲ ಕೇಳೋ ಹಾಗೆ. ಮಾಡಿದ್ದುಣ್ಣೋ ಮಹರಾಯ, ಸುಮ್ಮನೆ ಬೈಸಿಕೊಂಡೆ. ಸಾಯಂಕಾಲ ಮತ್ತೆ "ಅಂಬಾ" ಅಂತ ಜೋರಾಗಿ ಕೇಳಿಸಿತು. ಅತ್ತೆ ಜಾಗ ಬಿಟ್ಟು ಅಲ್ಲಾಡದೆ, "ಇನ್ನೊಂದು ಸಲ ಏಮಾರೋಕೆ ನಾನೇನು ಪೆದ್ದೀನಾ? ಆ ಪೆಟ್ಟಿಗೆ ಆರಿಸೇ!" ಅಂದರು. ಪೆಟ್ಟಿಗೆ ಆರಿಸಿಯೇ ಇತ್ತು. ಆಚೆ ನಿಜವಾದ ಹಸು ಹಗ್ಗ ಕಿತ್ತುಕೊಂಡು ಪಕ್ಕದ ಮನೆಯವರ ಬದನೆ ಪಾತಿಯನ್ನ ಅರ್ಧ ಮುಗಿಸಿತ್ತು.

ಹತ್ತಕ್ಕೆ ಹತ್ತು

ಅತ್ತೆಗೆ ಒಗಟು ಅಂದರೆ ಪ್ರಾಣ. ಅವರನ್ನ ಸಮಾಧಾನ ಮಾಡೋಣ ಅಂತ ಹತ್ತು ಒಗಟಿನ ಒಂದು ಪುಟ ಮಾಡಿದೆ. ಪ್ರತಿ ಒಗಟಿಗೂ ಮೂರು ಉತ್ತರ, ಸರಿಯಾದ್ದನ್ನ ಒತ್ತಿದರೆ ಹೂವು ಉದುರುತ್ತೆ. ಎಲ್ಲವನ್ನೂ ಚಂದದ ಕನ್ನಡ ಅಕ್ಷರದಲ್ಲಿ ಬರೆದು ಮುಂದೆ ಇಟ್ಟೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಳಗಾಗಿದೆ. ಏನು, ತೆಲುಗಾ?" ಅಂದರು. ಅಳಗು ಅಂದರೆ ಇಲ್ಲಿ ಚಂದ ಅಂತ.

ಆಗ ತಲೆ ಚಚ್ಚಿಕೊಂಡೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಓದಿದ್ದೆಲ್ಲ ತಮಿಳಿನಲ್ಲಿ. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಅತ್ತೆ ಮನಸ್ಸಿಗೆ ಬಂದ ಬಟನ್ ಒತ್ತಿದರು. ಹೂವು ಉದುರಿತು. ಇನ್ನೊಂದು ಒತ್ತಿದರು. ಮತ್ತೆ ಹೂವು. ಕೊನೆಗೆ ಹತ್ತಕ್ಕೆ ಹತ್ತು! ಕೋಡಿನಲ್ಲಿ ಎರಡು ಸಮ ಚಿಹ್ನೆ ಹಾಕಬೇಕಾದ ಕಡೆ ನಾನು ಒಂದೇ ಹಾಕಿದ್ದೆ. ಹಾಗಾಗಿ ಏನು ಒತ್ತಿದರೂ ಸರಿ ಅಂತಿತ್ತು ಅದು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ನಾನು ಎರಡು ದಿನ ಕೂತು ತಪ್ಪು ತಿದ್ದಿದೆ. ಅದೇ ಕನ್ನಡ ಒಗಟುಗಳನ್ನ ತಮಿಳು ಅಕ್ಷರದಲ್ಲಿ ಟೈಪ್ ಮಾಡಿದೆ. ಈ ಸಲ ಅತ್ತೆ ಒಂದೊಂದನ್ನೂ ಗಟ್ಟಿಯಾಗಿ ಓದಿ, ಯೋಚನೆ ಮಾಡಿ, ತೂಗಿ ನೋಡಿ ಒತ್ತಿದರು. ಬಂದದ್ದು ನಾಲ್ಕು.

"ಮೊದಲಿನದನ್ನೇ ಇಡು ಕಣ್ಣು," ಅಂದರು, "ಓದಕ್ಕೆ ಬಂದ್ರೆ ಮಾರ್ಕು ಹೋಗತ್ತೆ."

ಪರೀಕ್ಷೆ

ಕೊನೆಯ ದಿನದ ಪ್ರಾಜೆಕ್ಟಿಗೆ ನಾನು ಮಾಡಿದ್ದು ಕೋಲದ ಪುಟ. ಕೋಲ ಅಂದರೆ ನಮ್ಮ ರಂಗೋಲಿಯೇ. ಪರದೆಯ ಮೇಲೆ ಚುಕ್ಕಿಗಳಿರುತ್ತವೆ, ಬೆರಳಿನಿಂದ ಎಳೆದರೆ ಬಿಳಿ ಗೆರೆ ಮೂಡುತ್ತೆ, ಪೂರ್ತಿಯಾದರೆ ನಡುವೆ ದೀಪ ಹತ್ತುತ್ತೆ. ಮೂರು ವಾರ ಒದ್ದಾಡಿದ್ದೆ.

ಮಾಸ್ಟರ ನಿಯಮ ವಿಚಿತ್ರವಾಗಿತ್ತು. ಪ್ರಾಜೆಕ್ಟನ್ನ ಮನೆಯವರೊಬ್ಬರು ಬಂದು ಉಪಯೋಗಿಸಬೇಕು. ಮಾಡಿದವರು ಪಕ್ಕದಲ್ಲಿ ನಿಂತಿರಬೇಕು, ಆದರೆ ತುಟಿ ಬಿಚ್ಚಕೂಡದು, ಕೈ ತೋರಿಸಕೂಡದು. ನನಗಿಂತ ಮುಂಚಿನ ಇಬ್ಬರು ತಡೆಯಲಾರದೆ "ಅಯ್ಯೋ ಅಲ್ಲಿ ಅಲ್ಲಪ್ಪಾ, ಕೆಳಗೆ!" ಅಂತ ಕೂಗಿ ಔಟಾಗಿದ್ದರು.

ಅತ್ತೆ ರೇಷ್ಮೆ ಸೀರೆ ಉಟ್ಟು ಬಂದು ಕೂತರು. ಮಾಸ್ಟರು ತನ್ನ ಹೊಸ ಟ್ಯಾಬ್ಲೆಟ್ಟನ್ನ ಮೇಜಿನ ಮೇಲೆ ಮಲಗಿಸಿಟ್ಟ. ಅತ್ತೆ ಚುಕ್ಕಿ ನೋಡಿ ಮುಖ ಅರಳಿಸಿದರು. ಆಮೇಲೆ ತಮ್ಮನನ್ನ ಕರೆಯೋ ಹಾಗೆ ತಮಿಳಿನಲ್ಲಿ, "ತಂಬಿ, ಸ್ವಲ್ಪ ನೀರು ಕೊಡಪ್ಪಾ" ಅಂದರು. ಬಾಯಾರಿಕೆ ಇರಬೇಕು ಅಂತ ಅವನು ಬಾಟ್ಲಿ ಕೊಟ್ಟ.

ಅತ್ತೆ ಅಂಗೈಗೆ ನೀರು ಸುರಿದುಕೊಂಡು ಟ್ಯಾಬ್ಲೆಟ್ಟಿನ ಮೇಲೆ ಚಿಮುಕಿಸಿಬಿಟ್ಟರು!

ಇನ್ನೇನು ಮತ್ತೆ? ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿಯೇ ಕೋಲ ಬಿಟ್ಟವರು. ಇದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನಾನು ಯೋಚನೆ ಮಾಡಿದ್ದೆ. ಕೂಗು ಬಾಯಿತನಕ ಬಂತು, ಬಾಯಿಗೆ ಸೆರಗು ತುರುಕಿಕೊಂಡೆ. ನೀರಿನ ಹನಿಗಳನ್ನೇ ಬೆರಳು ಅಂದುಕೊಂಡು ಪರದೆ ಅಡ್ಡಾದಿಡ್ಡಿ ಗೆರೆ ಎಳೆಯತೊಡಗಿತು. "ಇರು ಇರು, ನಾನಿನ್ನೂ ಶುರುವೇ ಮಾಡಿಲ್ಲ" ಅಂತ ಅತ್ತೆ ಅದನ್ನೇ ಗದರಿಸಿದರು.

ಮಾಸ್ಟರು "ಅಯ್ಯಯ್ಯೋ" ಅಂತ ಟ್ಯಾಬ್ಲೆಟ್ಟನ್ನ ಎತ್ತಿ, ನೀರು ಇಳಿಯಲಿ ಅಂತ ತಲೆಕೆಳಗೆ ಹಿಡಿದ. ಪರದೆಯೊಳಗಿನ ಕೋಲ ತಾನೇ ತಿರುಗಿ ನೆಟ್ಟಗೆ ನಿಂತಿತು. "ನೋಡಿದೆಯಾ? ನಿನಗಿಂತ ಅದಕ್ಕೆ ಬುದ್ಧಿ ಇದೆ. ಕೆಳಗಿಡು" ಅಂದರು ಅತ್ತೆ. ಪಾಪ, ಇಟ್ಟ.

ಅತ್ತೆ ಪರದೆಯನ್ನ ಸೆರಗಿನಿಂದ ಒರೆಸಿದರು. ಗೆರೆಗಳು ಉಳಿದೇ ಇದ್ದವು. ಆಮೇಲೆ ನೆಲದ ಮೇಲೆ ತಪ್ಪಾದರೆ ಅಳಿಸೋ ಹಾಗೆ ಅಂಗೈ ಅಗಲಿಸಿ ಒಂದು ಸಲ ಉಜ್ಜಿದರು. ಗೆರೆಗಳೆಲ್ಲ ಮಾಯ! ಅಂಗೈಯಿಂದ ಉಜ್ಜಿದರೆ ಅಳಿಸಿಹೋಗಲಿ ಅಂತ ನಾನೇ ಬರೆದಿದ್ದೆ, ಯಾರಿಗೂ ಹೇಳಿರಲಿಲ್ಲ. ಮಾಸ್ಟರು ನನ್ನ ಮುಖ ನೋಡಿದ. ಆಮೇಲೆ ಅತ್ತೆ ಬೆರಳು ಎತ್ತದೆ, ಚುಕ್ಕಿ ಸುತ್ತಿ ಸುತ್ತಿ, ಒಂದೇ ಎಳೆಯಲ್ಲಿ ಕೋಲ ಮುಗಿಸಿದರು. ದೀಪ ಹತ್ತಿತು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ನನಗೆ ಸೆರಗು ಬಾಯಲ್ಲಿರುವಾಗಲೇ ಅಳು ಬಂತು.

"ಏನೂ ಹೇಳಿಕೊಡದೆ ಎಲ್ಲ ಮಾಡಿದಿರಲ್ಲ! ಶನಿವಾರದ ಕ್ಲಾಸು ನಿಮ್ಮ ಸೊಸೆಗೇ" ಅಂದ ಮಾಸ್ಟರು.

ಅತ್ತೆ ನನ್ನ ಕಡೆ ತಿರುಗಿ, ಸೆರಗು ಕಚ್ಚಿಕೊಂಡು ನಿಂತಿದ್ದ ನನ್ನನ್ನ ಮೇಲಿಂದ ಕೆಳಗೆ ನೋಡಿದರು.

"ಹದಿನೇಳು ವರ್ಷದಲ್ಲಿ ಇವಳು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ನಿಂತಿದ್ದು ಇವತ್ತೇ ತಂಬಿ," ಅಂದರು. "ಶನಿವಾರ ಒಂದೇ ಯಾಕೆ? ವಾರ ಪೂರ್ತಿ ಇಟ್ಕೋ."