ಸಾಹೇಬನ ತುಂಡು ಮಾತು, ಭಾವನವರ ಎದೆಬಡಿತ

ಮನೆಯಲ್ಲಿ ಇಂಗ್ಲೀಷು ಬಲ್ಲ ಸೊಸೆ, ಕಚೇರಿಯಲ್ಲಿ ಇಂಗ್ಲೀಷಿನ ಸಾಹೇಬ, ನಡುವೆ ಇಂಗ್ಲೀಷು ಬಾರದ ಒಬ್ಬ ಭಾವನವರು ಇದ್ದರೆ ಸಾಕು, ಇಂಥ ಪಜೀತಿಗಳು ನಡೆಯುತ್ತಲೇ ಇರುತ್ತವೆ. ಯಾರೂ ಮುಹೂರ್ತ ಇಟ್ಟು ಕರೆಯಬೇಕಾಗಿಲ್ಲ.

ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಕಲಬುರ್ಗಿಯ ರಸ್ತೆ-ಸೇತುವೆ ಕಚೇರಿಯಲ್ಲಿ ಕಾರಕೂನರಾಗಿದ್ದರು. ನಿಜಾಮರ ಸರಕಾರ; ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಭಾವನವರ ಉರ್ದು ಅಕ್ಷರ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಮೇಲಿದ್ದ ಇಂಜಿನೀಯರ ಸಾಹೇಬ ಬಿಳಿಯ. ಅವನು ಮಾತಾಡುವುದೇ ಕಡಿಮೆ, ಆಡಿದರೆ ಒಂದೊಂದೇ ತುಂಡು ಶಬ್ದ. ಬೇರೆ ಗಂಡಸರು ಸಂಜೆ ಬದನೆಕಾಯಿ ತಂದರೆ ನಮ್ಮ ಭಾವನವರು ಆ ಶಬ್ದ ತರುತ್ತಿದ್ದರು, ನೌಕರಿ ಹೋಗುವ ಶಬ್ದ ಇದೇ ಇರಬೇಕು ಎಂದು ನಡುಗುತ್ತ. ಹೋದರೆ ನಮ್ಮೂರು ಕಮಲಾಪುರದ ಮನೆಯ ಒಲೆಯೂ, ಅವರ ಹೆಣ್ಣುಮಕ್ಕಳ ಮದುವೆಯೂ ಅದರ ಬೆನ್ನು ಹತ್ತಿಯೇ ಹೋಗುವಂತಿತ್ತು.

ನಾನು ಪುಣೆಯಲ್ಲಿ ಕಾಲೇಜು ಓದಿದವಳು. ನನ್ನ ಟ್ರಂಕಿನಲ್ಲಿ ಒಂದು ಇಂಗ್ಲೀಷು ನಿಘಂಟು ಇತ್ತು. ಆದರೆ ತಮ್ಮನ ಹೆಂಡತಿ ಭಾವನ ಎದುರು ಬಾಯಿ ಬಿಡುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಬಾಗಿಲ ಹಿಂದೆ, ಹೊಸ್ತಿಲ ಹತ್ತಿರ ಅತ್ತೆ. ಅರ್ಥವೇನಿದ್ದರೂ ಅತ್ತೆಯ ಬಾಯಿ ಹಾಯ್ದೇ ಆಚೆ ಹೋಗಬೇಕು.

೧. ಮೋಡ

ಒಂದು ಸಂಜೆ ಭಾವನವರು ಬಂದವರೇ ಕಂಬಕ್ಕೊರಗಿ ಕುಳಿತರು. "ಯವ್ವಾ, ಇವತ್ತ ‘ಡಲ್’ ಅಂದಾನ. ನನ್ನ ಮಾರಿ ನೋಡೇ ಅಂದಾನ."

ನಾನು ಪುಸ್ತಕ ತೆಗೆದು ಅತ್ತೆಗೆ ಓದಿ ಹೇಳಿದೆ: ಮಂದಬುದ್ಧಿಯ, ಮೊಂಡಾದ, ಕಳೆಗುಂದಿದ, ಮೋಡ ಮುಸುಕಿದ.

ಸಂತೆಯಲ್ಲಿ ಹುಳುಕು ಕಾಯಿ ಬದಿಗಿಡುವ ಹಾಗೆ ಅತ್ತೆ ಮೊದಲಿನವನ್ನೆಲ್ಲ ಬದಿಗಿಟ್ಟರು. "ಮೋಡ ಆಗ್ಯದ ಅಂದಾನಪ್ಪ, ಅಷ್ಟ."

"ಮೋಡ? ಹೊರಗ ಬಿಸಿಲು ಸುಡಾಕತ್ತಿತ್ತಲ್ಲ."

"ಅವನ ದೇಶದಾಗ ಆಗಿರಬೇಕು."

ತಮಗೆ ಮಾತು ತಿಳಿಯಿತೆಂದು ತೋರಿಸಲು ಮರುದಿನ ಭಾವನವರು ಕೊಡೆ ಹಿಡಿದು ಸಾಹೇಬನ ಬಾಗಿಲಲ್ಲಿ ನಿಂತರಂತೆ. ಇತ್ತ ಮನೆಯಲ್ಲಿ ನನಗೆ ಜೀವ ನಿಲ್ಲಲೊಲ್ಲದು. ಸಾಹೇಬ ಸಿಟ್ಟಾದರೆ ಪಾಪ ನನ್ನ ಪುಸ್ತಕದ್ದೇ. ಸಂಜೆ ಭಾವನವರು ಬಿಸಿಲಲ್ಲಿ ಬೆಂದು, ಬರಿಗೈಯಲ್ಲಿ ಬಂದರು. ಸಾಹೇಬ ಕೊಡೆ ಕಸಿದುಕೊಂಡು ಸೇತುವೆ ನೋಡಲು ಹೋಗಿಬಿಟ್ಟಿದ್ದ.

"ಯವ್ವಾ," ಎಂದರು ಭಾವನವರು, "ನೀ ಹೇಳಿದ್ದು ಖರೇನ ಅದ. ಅವಗ ಮಳಿ ಅಂಜಿಕಿ ಭಾಳ."

೨. ಅಂಗೈಯ ಅಕ್ಷರ

ಆಮೇಲೆ ಭಾವನವರು ತಮ್ಮ ನೆನಪನ್ನೇ ನಂಬದಾದರು. ಸಾಹೇಬ ಬಾಯಿ ತೆರೆದ ಕೂಡಲೇ ಶಬ್ದವನ್ನು ಅಂಗೈ ಮೇಲೆ ಉರ್ದುವಿನಲ್ಲಿ ಬರೆದುಕೊಳ್ಳತೊಡಗಿದರು. ಉರ್ದು ಬರಹದಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ, ಓದುವವರು ಊಹಿಸಿಕೊಳ್ಳಬೇಕು. ಅಂಗೈಯಲ್ಲಿ ಬ-ಕಾರ, ಟ-ಕಾರ ಇಷ್ಟೇ ಇದ್ದವು. ಸಂಜೆಯ ಹೊತ್ತಿಗೆ ನಡುವಿನ ಸ್ವರ ಯಾವುದಿತ್ತೆಂದು ಬರೆದವರಿಗೇ ನೆನಪಿರಲಿಲ್ಲ.

ನಾನು ಆಗಬಹುದಾದ್ದನ್ನೆಲ್ಲ ಹುಡುಕಿ ಹೇಳಿದೆ. ಬ್ಯಾಟ್ ಅಂದರೆ ಬಾವಲಿ. ಬೆಟ್ ಅಂದರೆ ಪಂದ್ಯ. ಬಿಟ್ ಅಂದರೆ ಚೂರು. ಬಟ್ ಅಂದರೆ ‘ಆದರೆ’. ಯಾವುದನ್ನು ಬದಿಗಿಡಬೇಕೋ ತಿಳಿಯದೆ ಅತ್ತೆ ಈ ಸಲ ಎಲ್ಲವನ್ನೂ ದಾಟಿಸಿದರು.

ಭಾವನವರು ಅಂಗೈ ಮುಚ್ಚಿಕೊಂಡರು. "ಬಾವಲಿ ಹಾಂಗ ತಲಿ ಕೆಳಗ ಮಾಡಿ ನೇತು ಹಾಕ್ತೀನಿ ಅಂದಾನೇನವ್ವ? ಪಂದ್ಯ ಕಟ್ಟಿ ಚೂರು ಚೂರು ಮಾಡ್ತೀನಿ ಅಂದಾನೇನು?"

ಅತ್ತೆ ಎಲೆ ಅಡಿಕೆ ಜಗಿಯುತ್ತ ಕುಳಿತು ಆಮೇಲೆ ತೀರ್ಪು ಕೊಟ್ಟರು. "ಏನರ ಮಾಡ್ತೀನಿ ಅಂತ ಅಂದಿರಬೇಕು. ಆದರ ಕಡೀಕ ‘ಆದರ’ ಅಂದಾನಲ್ಲ. ಮಾಡಂಗಿಲ್ಲ ಬಿಡು."

೩. ಪೂಜೆಗೆ ಕುಳಿತ ಪುಸ್ತಕ

ದಸರೆಗೆ ಭಾವನವರೊಬ್ಬರನ್ನು ಕಚೇರಿಗೆ ಬಿಟ್ಟು ನಾವೆಲ್ಲ ಕಮಲಾಪುರಕ್ಕೆ ಹೋದೆವು. ಮಗನ ನೌಕರಿ ಕಾಯುವ ಪುಸ್ತಕ ಆಯುಧ ಪೂಜಿಸುವ ಖಂಡೇಪೂಜೆಗೆ ಇರಲೇಬೇಕೆಂದು ಅತ್ತೆ ಹಟ ಹಿಡಿದು ನನ್ನ ನಿಘಂಟನ್ನೂ ತರಿಸಿದ್ದರು. ಕುಡಗೋಲು, ಗುದ್ದಲಿ, ತಕ್ಕಡಿಯ ಸಾಲಿನಲ್ಲಿ ಅದೂ ವಿಭೂತಿ ಬಳಿಸಿಕೊಂಡು, ಚೆಂಡುಹೂವು ಮುಡಿದು ಕುಳಿತಿತ್ತು. ಮಂಗಳಾರತಿ ಆಯಿತು. ಇನ್ನು ಮರುದಿನ ಬನ್ನಿ ಮುಡಿಯುವ ತನಕ ಅವುಗಳಲ್ಲಿ ಯಾವುದನ್ನೂ ಮುಟ್ಟುವಂತಿಲ್ಲ.

ಅಷ್ಟರಲ್ಲಿ ಭಾವನವರು ಕಲಬುರ್ಗಿಯಿಂದ ಬಂದಿಳಿದರು. ಹಿಂದಿನ ದಿನ ಕಚೇರಿ ಮುಚ್ಚುವಾಗ ಸಾಹೇಬ ಇವರತ್ತ ನೋಡಿ, ‘ಡಡ್’ ಅಂದು ಹೊರಟುಹೋಗಿದ್ದನಂತೆ.

"ಪುಸ್ತಕ ತೆರಸವ್ವ."

"ಪೂಜಿಗಿ ಕುಂತದ. ನಾಳಿಗಿ."

"ನನ್ನ ಅನ್ನದ ಮಾತದ."

"ಅನ್ನ ಹೋದರ ರೊಟ್ಟಿ ತಿಂದೇವು. ದೇವರು ಎದ್ದು ಹೋದರ?" ಎಂದು ಅತ್ತೆ ನನ್ನತ್ತ ತಿರುಗಿದರು. "ನಿನಗರ ಗೊತ್ತಿಲ್ಲೇನು? ಅಷ್ಟು ದುಡ್ಡು ಸುರದು ಓದಿಸ್ಯಾರ."

ನನಗೆ ಗೊತ್ತಿರಲಿಲ್ಲ. ಈಗ ಅಂಜಿಕೆ ನನಗೂ ಹತ್ತಿಕೊಂಡಿತು.

ಭಾವನವರು ಹೋಳಿಗೆ ಮುಟ್ಟಲಿಲ್ಲ. ಎದುರಿಗಿಟ್ಟ ಕೆಂಪು ಬಾಳೆಹಣ್ಣು ಸುಲಿಯಲಿಲ್ಲ. ನನ್ನ ಕೂಡ ಮಾತಾಡುವಂತಿಲ್ಲವಲ್ಲ, ಪುಸ್ತಕದ ಕೂಡವೇ ಮಾತಾಡಿದರು: "ಏನರ ಒಂದು ಅನ್ನಪ್ಪ." ಅವರ ಹೆಂಡತಿ ಆ ಕಡೆ ಇನ್ನು ಕೈ ಬಿಗಿ ಹಿಡಿಯಬೇಕೆಂದು ತುಪ್ಪದ ಗಡಿಗೆಯನ್ನು ಮೇಲಿನ ನೆಲುವಿಗೆ ಏರಿಸಿದರು.

ಮರುದಿನ ಬನ್ನಿ ಮುಡಿದು ಬಂದ ಮೇಲೆ ವಿಭೂತಿ ಒರೆಸಿ ಪುಸ್ತಕ ತೆರೆದೆ. ಡಕ್ ಇತ್ತು, ಬಾತುಕೋಳಿ. ಕೆಳಗೆ ಡ್ಯೂ ಇತ್ತು, ಬಾಕಿ. ನಡುವೆ ಡಡ್ ಇರಲಿಲ್ಲ.

"ಇದರಾಗ ಇಲ್ಲರೀ ಅತ್ತಿ. ಸಾಹೇಬರು ತಮ್ಮ ತಮ್ಮೊಳಗ ಆಡೋ ಮಾತಿರಬೇಕು. ಅಂಥಾವು ಪುಸ್ತಕದಾಗ ಹಾಕಂಗಿಲ್ಲ."

ಭಾವನವರು ಮುಡಿದ ಬನ್ನಿ ತೆಗೆದು ಕೆಳಗಿಟ್ಟರು. "ಪುಸ್ತಕದಾಗ ಹಾಕಲಾರದಂಥಾದ್ದು ಅಂದಾನ. ಮುಗೀತವ್ವ. ನನ್ನ ತಗದಾನ."

ಅತ್ತೆ ನನ್ನ ಕೈಯ ಪುಸ್ತಕ ಮುಚ್ಚಿಸಿದರು. ಆಮೇಲೆ ಕೇಳಿದರು, "ಕೆಲಸದಿಂದ ತಗೀಬೇಕಂದ್ರ ಬರೇ ಬಾಯಿಲೆ ಅಂದ್ರ ನಡೀತದೇನು?"

"ಇಲ್ಲ. ಹುಕುಂ ಕಾಗದ ಹೊಂಡಬೇಕು."

"ಇಂಗ್ಲೀಷಿನ್ಯಾಗೊ?"

"ಉರ್ದುದಾಗ."

"ಅವಗ ಉರ್ದು ಬರೀಲಿಕ್ಕೆ ಬರ್ತದೇನು?"

"ಎಲ್ಲೀದವ್ವ. ಕಚೇರಿದಾಗ ಹುಕುಂ ಎಲ್ಲಾ ಬರಿಯಾಂವ ನಾನ."

ಅತ್ತೆ ಸೆರಗು ಕೊಡವಿ ಎದ್ದರು.

"ಹಂಗಾರ ಬರೀಬ್ಯಾಡ."