ತಾನಾಗಿ ತೆರೆಯುವ ಮುಚ್ಚಳ

ಕರೆಂಟು ಹೋಗಲಿ ಎಂದು ಹರಕೆ ಹೊರುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಬೇಕಾದರೆ ದೊಡ್ಡಬಳ್ಳಾಪುರಕ್ಕೆ ಬನ್ನಿ! ಇಲ್ಲಿ ಕರೆಂಟು ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ, ಅವುಗಳ ಬದಲು ಬೀದಿಯ ಜನ ಬಾಯಿ ತೆರೆದು ವಿದ್ಯುತ್ತಿನವರ ಮೂರು ತಲೆಮಾರನ್ನು ಜಾಲಾಡುತ್ತಾರೆ. ಅಂಥ ಬೀದಿಯಲ್ಲಿ ನಮ್ಮ ದೊಡ್ಡಮ್ಮ ಒಬ್ಬಳು ಮಾತ್ರ ಕತ್ತಲಿಗೆ ಕೈಮುಗಿದು, "ಬೆಳಗಾಗೋ ಗಂಟ ಬರದಂಗೆ ನೋಡ್ಕೊಳವ್ವ ತಾಯಿ, ತಂಬಿಟ್ಟಿನಾರತಿ ಮಾಡ್ತೀನಿ" ಎನ್ನುತ್ತಾಳೆ. ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೆ ಸೊಸೆಯಾಗಿ ಬಂದವಳು ಹೇಳುವ ಮಾತೇ ಇದು?

ಅವಳ ಕಷ್ಟ ಅವಳಿಗೆ. ಅವಳ ಮನೆಯ ತಾರಸಿಯ ಮೇಲೆ ಒಂದು ಟೆಲಿಸ್ಕೋಪು ಇದೆ. ಅದಕ್ಕೆ ಒಂದು ಕ್ಯಾಮೆರಾ ಅಂಟಿಸಿದೆ. ಎರಡನ್ನೂ ಗಾರೆಯವನಿಂದ ಕಟ್ಟಿಸಿದ ಗಟ್ಟಿ ಕಂಬದ ಮೇಲೆ ಕೂರಿಸಿದ್ದಾಳೆ. ಕಂಬ ಎಷ್ಟು ಗಟ್ಟಿಯಾದರೇನು, ಸುತ್ತಲಿನ ಮನೆಗಳಲ್ಲಿ ಮಗ್ಗ ಓಡುತ್ತಿದ್ದರೆ ಬೀದಿಯೇ ನಡುಗುತ್ತದೆ. ಆಗ ತೆಗೆದ ಫೋಟೋದಲ್ಲಿ ನಕ್ಷತ್ರಗಳೆಲ್ಲ ಚಕ್ಕುಲಿಯಾಗಿರುತ್ತವೆ. "ಕರೆಂಟು ಹೋದ್ರೆ ನಿನ್ನ ಟೆಲಿಸ್ಕೋಪಿಗೂ ಇರಲ್ವಲ್ಲ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದೆ. "ಅದಕ್ಕೆ ಬ್ಯಾಟ್ರಿ ಐತೆ. ಊರಿನ ಉಸಾಬರಿ ನಂಗ್ಯಾಕೆ?" ಎಂದಳು.

ಇದೆಲ್ಲ ಶುರುವಾದದ್ದು ನಾನು ಪಾಠ ಮಾಡುವ ಶಾಲೆಯಲ್ಲಿ. ಯಾರೋ ಮಕ್ಕಳಿಗೆ ಆಕಾಶ ತೋರಿಸಲು ಬಂದಿದ್ದರು, ದೊಡ್ಡಮ್ಮನೂ ನೋಡಲಿ ಎಂದು ಕರೆದೊಯ್ದೆ. ಶನಿಗ್ರಹಕ್ಕೆ ಕಣ್ಣಿಟ್ಟವಳು ಕಣ್ಣು ತೆಗೆಯಲೇ ಇಲ್ಲ. ಹಿಂದೆ ಸಾಲುಗಟ್ಟಿ ನಿಂತಿದ್ದ ಮಕ್ಕಳು ಗೊಣಗಿದರು, ಹೆಡ್‌ಮೇಷ್ಟ್ರು ಕೆಮ್ಮಿದರು. ಕೊನೆಗೆ ತಲೆಯೆತ್ತಿ, "ಲೋ, ಇವನಿಗಾ ನಾವು ಇಷ್ಟು ದಿನ ಎಳ್ಳೆಣ್ಣೆ ದೀಪ ಹಚ್ಚಿ ಹೆದರ್ಕೊಂಡು ಸತ್ತಿದ್ದು? ಎಷ್ಟು ಲಕ್ಷಣವಾಗವ್ನೆ!" ಎಂದಳು. ಮರುತಿಂಗಳೇ ತಾರಸಿಯ ಮೇಲೆ ಕಂಬ ಎದ್ದಿತು. ಎದುರು ಮನೆಯಾಕೆ, "ಶನೀನ ಮನೆ ಮೇಲೆ ಕರೆಸ್ಕೊಳ್ತಿದ್ದೀರಂತೆ?" ಎಂದು ಕೊಂಕು ತೆಗೆದರೆ ದೊಡ್ಡಮ್ಮ, "ಬರ್ಲಿ ಬಿಡಮ್ಮ. ನಮ್ಮ ನೆಂಟರ ಥರ ಕಾಫಿಗೆ ಸಕ್ಕರೆ ಸಾಲ್ದು ಅನ್ನಲ್ಲ ಅವ್ನು" ಎಂದಳು. ಅರವತ್ತು ದಾಟಿದ ಹೆಂಗಸು ಸಂಜೆಯಾದರೆ ಧಾರಾವಾಹಿಯನ್ನೇ ನೋಡಬೇಕು, ಆಕಾಶ ನೋಡಬಾರದು ಎಂದು ಯಾವ ಕಾನೂನಿನಲ್ಲಿದೆ? ಇದ್ದರೆ ತೋರಿಸಿ, ನಾನೂ ಓದುತ್ತೇನೆ!

ಆದರೆ ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದರು. ಆ ಮನೆಯ ಮೆಟ್ಟಿಲೋ, ಹೊರಗಡೆಯಿಂದ ನೆಟ್ಟಗೆ ಏರುವ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ದೊಡ್ಡಮ್ಮ ಕೆಳಗೆ ಹಜಾರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ಟೆಲಿಸ್ಕೋಪು ತಿರುಗಿಸಲು ಕಲಿತಳು. ಒಂದು ಕೆಲಸ ಮಾತ್ರ ಉಳಿಯಿತು. ಮಳೆ, ಮಂಜು, ಧೂಳು ಬೀಳದಂತೆ ಟೆಲಿಸ್ಕೋಪಿನ ಬಾಯಿಗೆ ಹಾಕಿದ ಮುಚ್ಚಳವನ್ನು ಸಂಜೆ ತೆಗೆಯಬೇಕು, ಬೆಳಿಗ್ಗೆ ಹಾಕಬೇಕು. ಅದಕ್ಕೆ ಹೋಗುತ್ತಿದ್ದವರು ದೊಡ್ಡಪ್ಪ. ಮಗ್ಗದ ಸದ್ದಿನಲ್ಲೇ ಬಾಳಿ ಕಿವಿ ಮಂದವಾದ ಮನುಷ್ಯ. ವಯಸ್ಸಾಯಿತೆಂದು ಮಗ್ಗಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರು. ಒಂದು ಮುಂಜಾನೆ ಮಂಜು ಬಿದ್ದ ಮೆಟ್ಟಿಲಲ್ಲಿ ಕಾಲು ಜಾರಿತು. ಕೇಬಲ್ಲಿನ ವೈರು ಕೈಗೆ ಸಿಕ್ಕಿದ್ದರಿಂದ ಮೊಣಕೈ ತರಚಿದ್ದಷ್ಟೇ ಆಯಿತು.

ಅಷ್ಟು ಸಾಕಾಯಿತು ನಮ್ಮಣ್ಣನಿಗೆ! ದೊಡ್ಡಮ್ಮನ ಮಗನಾದ ಈತ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರು. ಗ್ಯಾಸ್ ಒಲೆ ಹಚ್ಚುವಾಗಲೂ ಹೆಲ್ಮೆಟ್ ಹಾಕಬೇಕೇ ಎಂದು ಯೋಚಿಸುವ ಪೈಕಿ. ಅಂದೇ ಮೆಟ್ಟಿಲ ಬುಡಕ್ಕೆ ಅಪಾಯ ಸಾರುವ ಕಪ್ಪು ಹಳದಿ ಪಟ್ಟಿ ಅಂಟಿಸಿ ಪಂಚಾಯ್ತಿ ಕರೆದ.

"ಅಮ್ಮ, ಟೆಲಿಸ್ಕೋಪು ಮಾರ್ಬಿಡೋಣ. ಅಪ್ಪ ಬಿದ್ರೆ ಯಾರು ಜವಾಬ್ದಾರಿ?"

"ಟೆಲಿಸ್ಕೋಪು ಕೆಳಗೆ ಬರಲ್ಲ."

"ಹಂಗಾದ್ರೆ ಅಪ್ಪನೂ ಮೇಲೆ ಹೋಗಲ್ಲ. ಮುಚ್ಚಳ ಯಾರು ತೆಗೀತಾರೆ?"

"ಅದೇ ತೆಕ್ಕೊಳ್ಳತ್ತೆ!" ಎಂದಳು ದೊಡ್ಡಮ್ಮ. ಸಿಟ್ಟಿನಲ್ಲಿ ಹೇಳಿದ ಮಾತು ಎಂದುಕೊಂಡೆವು. ಅಲ್ಲ, ಅಂಥದ್ದು ನಿಜವಾಗಿಯೂ ಅಂಗಡಿಯಲ್ಲಿ ಸಿಗುತ್ತದಂತೆ! "ಯುಗಾದಿ ಒಳಗೆ ಬರದಿದ್ರೆ ಮಾರೋದೇ" ಎಂದು ಅಣ್ಣ ಗಡುವು ಹಾಕಿದ. "ಬಂದ್ರೆ ನಿನ್ನ ಪಟ್ಟಿ ನೀನೇ ಕೆರೆದು ತೆಗೀಬೇಕು" ಎಂದು ದೊಡ್ಡಮ್ಮ ತಿರುಗಿ ಹಾಕಿದಳು. ದೊಡ್ಡಪ್ಪ ಮಾತ್ರ ಪಟ್ಟಿ ದಾಟಿಕೊಂಡು ದಿನವೂ ಮೇಲೆ ಹೋಗಿಬರುತ್ತಲೇ ಇದ್ದರು.

ಅದರ ಹೆಸರು ಫ್ಲ್ಯಾಟ್ ಪ್ಯಾನೆಲ್ಲು. ತಟ್ಟೆಯಂಥ ಮುಚ್ಚಳ, ಒಳಮೈಯಲ್ಲಿ ಎಲ್ಲ ಕಡೆಗೂ ಒಂದೇ ಸಮನಾದ ಬಿಳಿ ಬೆಳಕು, ಪಕ್ಕದಲ್ಲೊಂದು ಮೋಟರು. ಬೆಳಕು ಯಾಕೆ ಎಂದರೆ, ಕ್ಯಾಮೆರಾದೊಳಗೆ ಕೂತ ಧೂಳಿನ ಕಣಗಳು ಆಕಾಶದ ಫೋಟೋದಲ್ಲಿ ಉಂಗುರ ಉಂಗುರವಾಗಿ ಕಲೆ ಬೀಳಿಸುತ್ತವೆ, ಮೂಲೆಗಳೂ ಮಬ್ಬಾಗುತ್ತವೆ. ಬರೀ ಬಿಳಿ ಬೆಳಕಿನದೇ ಒಂದು ಫೋಟೋ ತೆಗೆದುಕೊಟ್ಟರೆ ಕಂಪ್ಯೂಟರು ಅದರಲ್ಲಿರುವ ಕಲೆಗಳನ್ನು ಗುರುತಿಸಿ ಆಕಾಶದ ಫೋಟೋದಿಂದ ಒರೆಸಿಹಾಕುತ್ತದೆ. ನಮ್ಮ ಬೀದಿಯಲ್ಲಂತೂ ಇದು ಬೇಕೇ ಬೇಕು. ಇಲ್ಲಿನ ಗಾಳಿಯಲ್ಲಿ ಉಸಿರಿಗಿಂತ ನೂಲಿನ ಎಳೆಯೇ ಜಾಸ್ತಿ!

ಅಲ್ಲಿಯವರೆಗೆ ಈ ಕೆಲಸವನ್ನು ಬಟ್ಟೆಯಿಂದ ಮಾಡುತ್ತಿದ್ದರು. ಸಂಜೆಯ ಬೆಳಕಿನಲ್ಲಿ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಫೋಟೋ ತೆಗೆಯುವುದು. ಬೇರೆಯವರು ಹಳೇ ಬನಿಯನ್ನು ಕಟ್ಟಿ ಮುಗಿಸುತ್ತಾರೆ. ನಮ್ಮ ದೊಡ್ಡಪ್ಪ ಬಿಡಬೇಕಲ್ಲ! "ನೇಕಾರರ ಮನೇಲಿ ಬನಿಯನ್ನಾ? ಅಂಚಿಲ್ಲದ ಬಿಳೀ ಬಟ್ಟೆ ನನ್ನ ಮನೇಲಿ ಬಿಚ್ಚೋ ಹಂಗಿಲ್ಲ, ಅಪಶಕುನ!" ಎಂದು ಕೂಗಾಡಿ, ಕೆನೆಬಣ್ಣದ ರೇಷ್ಮೆ ಸೀರೆ ತೆಗೆದರು. ಅದಕ್ಕೆ ಜರಿಯ ಅಂಚು ಬೇರೆ! ಕೆನೆಯ ಹಳದಿಯನ್ನೂ ಕಂಪ್ಯೂಟರು ಕಲೆಯೆಂದೇ ತಿಳಿದು ಕಳೆದುಹಾಕಿತು. ಆಕಾಶವೆಲ್ಲ ಪಂಚೆಗೆ ನೀಲಿ ಹೆಚ್ಚಾದ ಹಾಗೆ ಬಂತು. ಅಂಚಿದ್ದ ಪಕ್ಕ ಬೇರೊಂದು ಬಣ್ಣದ ಪಟ್ಟೆ. ಇಡೀ ಜಗತ್ತಿನಲ್ಲಿ ಬಾರ್ಡರ್ ಇರುವ ನೀಹಾರಿಕೆ ಅದೊಂದೇ ಇರಬೇಕು. ದೊಡ್ಡಪ್ಪ ಫೋಟೋ ನೋಡಿ, "ಸೆರಗೂ ಬಂದಿದ್ರೆ ಚೆನ್ನಾಗಿರ್ತಿತ್ತು" ಎಂದರು.

ಸರಿ, ಪ್ಯಾನೆಲ್ಲು ಆರಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಪಾಠ ಮಾಡುವುದು ಸಮಾಜ ವಿಜ್ಞಾನ! ಹೇಳಿ ನೋಡಿದೆ. "ವಿಜ್ಞಾನ ತಾನೇ? ಕೂತ್ಕೋ" ಎಂದಳು. ಬೆಂಗಳೂರಿನ ಅಂಗಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆವು. ಮಗ್ಗದ ಮನೆಯವರು ಮಾತಾಡುವುದೆಂದರೆ ಕೂಗುವುದೇ. ಆ ಹುಡುಗನಿಗೆ ಫೋನೂ ಬೇಕಾಗಿರಲಿಲ್ಲ, ಕಿಟಕಿ ತೆಗೆದಿದ್ದರೆ ಸಾಕಿತ್ತು.

"ಬಿಳೀ ಬೆಳಕು ಅಂತೀಯಲ್ಲಪ್ಪಾ, ಯಾವ ಬಿಳಿ? ಸುಣ್ಣದ ಬಿಳೀನಾ, ಹಾಲಿನ ಬಿಳೀನಾ, ರೇಷ್ಮೆ ಬಿಳೀನಾ?"

"ಮೇಡಂ... ಎಲ್‌ಇಡಿ ಬಿಳಿ."

"ನೋಡ್ದೆ ಹೆಂಗೆ ತಗೊಳ್ಳೋದು? ಒಂದು ತುಂಡು ಸ್ಯಾಂಪಲ್ ಕಳ್ಸು."

"ತುಂಡು ಬರಲ್ಲ ಮೇಡಂ, ಅದು ಒಂದೇ ಪೀಸು. ಸೈಜ್ ಎಷ್ಟು ಬೇಕು?"

"ಒಂದು ಗೇಣು, ಮೇಲೆ ಎರಡು ಬೆರಳು."

ಹುಡುಗ ಮಿಲಿಮೀಟರಿನಲ್ಲಿ ಕೇಳಿದ. ಕೊನೆಗೆ ನಾನೇ ಟೇಪು ಹಿಡಿದು ಮೇಲೆ ಹೋದೆ. ಗಾಜಿನ ಅಗಲವಲ್ಲ, ಗಾಜಿನ ಮುಂದೆ ಚಾಚಿಕೊಂಡಿರುವ ಕೊಳವೆಯ ಹೊರಸುತ್ತಿನ ಅಗಲ ಬೇಕು ಎಂದು ಆ ಹುಡುಗ ಬೇಡಿಕೊಂಡದ್ದರಿಂದ ಎರಡನೆಯ ಸಲವೂ ಹೋದೆ.

ಮೊದಲು ಬಂದ ಪ್ಯಾನೆಲ್ಲು ಹಗುರ, ಚೆಂದ. ಆದರೆ ಗಾಳಿ ಬೀಸಿದರೆ ತೆರೆದ ಮುಚ್ಚಳ ಮೊರದ ಹಾಗೆ ಒದ್ದಾಡುತ್ತಿತ್ತು. ವಾಪಸ್! ಎರಡನೆಯದು ಗಟ್ಟಿಯೇನೋ ಹೌದು, ಬೆಳಕು ಎಷ್ಟು ತಗ್ಗಿಸಿದರೂ ಮದುವೆ ಮನೆಯ ಫೋಕಸ್ ಲೈಟು. ಕ್ಯಾಮೆರಾ ಕುರುಡಾಗಿ ಫೋಟೋ ಬೆಳ್ಳಗೆ ಬಂತು. ಅದೂ ವಾಪಸ್! "ಮೇಡಂ, ಇಷ್ಟು ನೋಡಿ ಯಾರೂ ತಗೊಳ್ಳಲ್ಲ" ಎಂದು ಹುಡುಗ ಗೋಗರೆದ. "ಸೀರೆ ತಗೊಳ್ಳೋರು ನಮ್ಮನೇಗೆ ಬಂದು ಇನ್ನೂ ಜಾಸ್ತಿ ನೋಡ್ತಿದ್ರು, ನಾವು ಅತ್ತಿದ್ದೀವಾ?" ಎಂದಳು ದೊಡ್ಡಮ್ಮ. ಮೂರನೆಯದಕ್ಕೆ ಲೋಹದ ತೋಳು. ತೆರೆದರೆ ಪೂರ್ತಿ ಹಿಂದಕ್ಕೆ ಮಡಿಚಿಕೊಂಡು ಕೊಳವೆಯ ಬೆನ್ನಿಗೆ ಒರಗಿಕೊಳ್ಳುತ್ತಿತ್ತು, ಹಾಗಾಗಿ ಗಾಳಿಗೆ ಸಿಗುತ್ತಿರಲಿಲ್ಲ. ಮಂಜು ಕೂತರೆ ಒಣಗಿಸಲು ಸಣ್ಣ ಶಾಖವೂ ಇತ್ತು. ಬೆಳಕು ತಗ್ಗಿಸಿದರೆ ಹುಣ್ಣಿಮೆಯ ಗೋಡೆಯಷ್ಟು ತಣ್ಣಗೆ. "ಇದು ಬಿಳಿ!" ಎಂದಳು.

ಅಣ್ಣ ಅಷ್ಟಕ್ಕೆ ಒಪ್ಪುವನೇ? ಕಾರ್ಖಾನೆಯ ಪರೀಕ್ಷೆಯನ್ನೇ ತಾರಸಿಗೆ ತಂದ. ಟೇಬಲ್ ಫ್ಯಾನು ಹೊತ್ತು ತಂದು ಮುಚ್ಚಳದ ಮುಂದೆ ಜೋರಾಗಿ ತಿರುಗಿಸಿದ. ಜಪ್ಪಯ್ಯ ಅನ್ನಲಿಲ್ಲ. ಮುಚ್ಚಿದ ಮುಚ್ಚಳದ ಮೇಲೆ ಚೊಂಬಿನಲ್ಲಿ ನೀರು ಸುರಿದ. ಕೆಳಗೆ ಹಜಾರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದ ದೊಡ್ಡಮ್ಮ, "ಚೊಂಬಲ್ಲಿ ಏನೋ ಹುಯ್ತೀಯಾ, ಬಿಂದಿಗೆ ತಗೊಂಡೋಗೋ! ಮಳೆ ಚೊಂಬಲ್ಲಿ ಬರತ್ತಾ?" ಎಂದು ಕೂಗಿದಳು. ಬಿಂದಿಗೆಯೂ ಆಯಿತು. ಅಷ್ಟರಲ್ಲಿ ನೀರಿನ ತೊಟ್ಟಿಯ ಮೇಲಿದ್ದ ಕೋತಿಯೊಂದು ಇಳಿದು ಬಂದು ಮುಚ್ಚಳದ ಮೇಲೆ ಕೂತಿತು. ದೊಡ್ಡಮ್ಮ ಕೆಳಗಿನಿಂದಲೇ ಗುಂಡಿ ಒತ್ತಿದಳು. ಮುಚ್ಚಳ ಗುಂಯ್ ಎಂದು ನಿಧಾನವಾಗಿ ಮೇಲೇಳತೊಡಗಿದ್ದೇ, ಕೂತ ಪೀಠ ಜೀವಂತವಾಯಿತೆಂದು ಕೋತಿ ಎಗರಿ ಓಡಿತು. ಅಣ್ಣನೂ ಎರಡು ಹೆಜ್ಜೆ ಹಿಂದೆ ಹಾರಿದ್ದನ್ನು ನಾನು ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳಿದ್ದೇ ಮೊದಲು.

ಯುಗಾದಿಗೆ ಇನ್ನೂ ದಿನಗಳಿದ್ದವು. ಅಣ್ಣ ಕೂತು ಮೆಟ್ಟಿಲ ಬುಡದ ಪಟ್ಟಿ ಕೆರೆದ. ಗೆದ್ದೆವು! ನಾನಂತೂ ಬೀದಿಗೆಲ್ಲ ಕೇಳುವಂತೆ ಗೆದ್ದೆವು ಎಂದೆ.

ಅಂದು ಸಂಜೆ ದೊಡ್ಡಮ್ಮ ಹಜಾರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಳು. ನಾವೂ ಸುತ್ತ ಕೂತೆವು. ಮೇಲೆ ಮುಚ್ಚಿದ್ದ ಮುಚ್ಚಳದೊಳಗೆ ಬೆಳಕು ಹೊತ್ತಿಕೊಂಡಿತು. ಕಲೆ ಹಿಡಿಯುವ ಫೋಟೋ ತೆರೆಯ ಮೇಲೆ ಬಂತು, ಬೂದಿ ಬಣ್ಣದ ಖಾಲಿ ಚೌಕ. ಇನ್ನು ಮುಚ್ಚಳ ತೆರೆಯಬೇಕು ಎನ್ನುವಷ್ಟರಲ್ಲಿ ದೊಡ್ಡಪ್ಪ ಎದ್ದರು. ಟವೆಲ್ಲನ್ನು ತಲೆಗೆ ಸುತ್ತಿದರು, ಗೂಡಿನಿಂದ ಟಾರ್ಚು ತೆಗೆದುಕೊಂಡರು.

"ಎಲ್ಲಿಗ್ರೀ?"

"ಮುಚ್ಚಳ ತೆಗೀಬೇಡ್ವೇನೇ? ಹೊತ್ತಾಯ್ತು."

"ಅಪ್ಪಾ, ಇನ್ಮೇಲೆ ಬೇಡ. ಅದೇ ತೆಕ್ಕೊಳ್ಳತ್ತೆ, ಅದೇ ಮುಚ್ಕೊಳ್ಳತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ" ಎಂದ ಅಣ್ಣ ಗಟ್ಟಿಯಾಗಿ.

ದೊಡ್ಡಪ್ಪ ನಿಂತೇ ಇದ್ದರು. ಕೈಯಲ್ಲಿದ್ದ ಟಾರ್ಚನ್ನು ನೋಡಿದರು. ಅದನ್ನು ಮತ್ತೆ ಗೂಡಿನಲ್ಲಿಟ್ಟು ಬಂದು ಕೂತರು. "ಹೂಂ. ಒಳ್ಳೇದಾಯ್ತು" ಎಂದರು. ಆಮೇಲೆ, ಹುಟ್ಟಿದಾಗಿನಿಂದ ಕೂಗಿಯೇ ಮಾತಾಡಿದ ಆ ಮನುಷ್ಯ ಮೆಲ್ಲಗೆ ಹೇಳಿದರು: "ಮಗ್ಗಾನೂ ಆಯ್ತು. ಈಗ ಇದೂ ಆಯ್ತು."

ದೊಡ್ಡಮ್ಮನ ಕೈ ನಿಂತುಹೋಯಿತು. ಡಾಕ್ಟರಿಗೆ, ಮಗನಿಗೆ, ಎದುರು ಮನೆಯಾಕೆಗೆ, ಸಾಕ್ಷಾತ್ ಶನಿಗೂ ಉತ್ತರ ಕೊಟ್ಟವಳು ಗುಂಡಿಯಿಂದ ಬೆರಳು ತೆಗೆದು ಗಂಡನ ಕಡೆ ತಿರುಗಿದಳು. ಅವರು ಜಾರಿದ ದಿನದಿಂದ ಅವಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ, ಅದಕ್ಕೇ ಇಷ್ಟು ಹಟ ಹಿಡಿದಿದ್ದಳು ಎಂಬುದು ಅವಳ ಮುಖ ನೋಡಿ ನನಗೆ ಆಗ ಹೊಳೆಯಿತು. ನಾನೋ ಅದನ್ನು ಗೆಲುವೆಂದು ಬೀದಿಗೆಲ್ಲ ಸಾರಿ ಬಂದಿದ್ದೆ.

ದೊಡ್ಡಮ್ಮ ಲ್ಯಾಪ್‌ಟಾಪನ್ನು ದೊಡ್ಡಪ್ಪನ ಕಡೆಗೆ ತಿರುಗಿಸಿದಳು.

"ರೀ, ಕನ್ನಡಕ ಹಾಕ್ಕೊಂಡು ಇಲ್ಲಿ ಬನ್ನಿ. ಇದ್ರಲ್ಲಿ ಎಲ್ಲೆಲ್ಲಿ ಕಲೆ ಐತೆ ನೋಡಿ ಹೇಳಿ. ನಂಗೆ ಕಾಣ್ತಿಲ್ಲ."

"ಕಂಪ್ಯೂಟ್ರೇ ನೋಡತ್ತೆ ಅಂದಿದ್ದೆ?"

"ಅದಕ್ಕೇನು ಗೊತ್ತಾಗತ್ತೆ? ಅದೇನು ಮಗ್ಗದ ಮನೇಲಿ ಬೆಳೆದೈತಾ?"

ಅಪ್ಪಟ ಸುಳ್ಳು! ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರು ಆ ಕೆಲಸ ಮುಗಿಸುತ್ತದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅಣ್ಣ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಒಂದು ಸಲ ಅವನನ್ನು ನೋಡಿದಳು, ಮುಚ್ಚಿಕೊಂಡ.

ದೊಡ್ಡಪ್ಪ ಕುರ್ಚಿ ಎಳೆದುಕೊಂಡು ತೆರೆಯ ಹತ್ತಿರ ಮುಖ ತಂದರು. ಮಗ್ಗದಿಂದ ಇಳಿಸಿದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಳೆ ಎಳೆ ನೋಡುವ ಹಾಗೆ, ಬೆರಳನ್ನು ಎಡದಿಂದ ಬಲಕ್ಕೆ ಸಾವಕಾಶವಾಗಿ ಸರಿಸಿದರು. "ಇಲ್ಲೊಂದು, ಉಂಗುರದ ಥರ. ಇಲ್ಲೊಂದು ನೂಲೆಳೆ... ದಿನಾ ನೋಡ್ಬೇಕೇನೇ ಇದು?" ಮತ್ತೆ ಗಂಟಲು ಬೀದಿಗೆ ಕೇಳುವಷ್ಟಾಗಿತ್ತು.

"ದಿನಾ. ನಮ್ಮ ಬೀದಿ ಧೂಳು ಒಂದಿನ ಸುಮ್ನಿರತ್ತಾ?"

ನನ್ನ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ. ಹೊರಗೆ ಆಕಾಶ ತಿಳಿಯಾಗಿತ್ತು, ನಕ್ಷತ್ರಗಳು ಮೂಡುತ್ತಿದ್ದವು. ಮೋಡವಿಲ್ಲದ ಒಂದು ಸಂಜೆಯನ್ನೂ ವ್ಯರ್ಥ ಮಾಡದ ದೊಡ್ಡಮ್ಮ ಗುಂಡಿ ಒತ್ತದೆ ಕೂತೇ ಇದ್ದಳು. ನಾನೇ ತಡೆಯಲಾರದೆ, "ದೊಡ್ಡಪ್ಪ, ಇನ್ನು ಮುಚ್ಚಳ ತೆಗೀಬಹುದಾ?" ಎಂದೆ.

"ಇರೋ," ಎಂದು ಗದರಿದರು ದೊಡ್ಡಪ್ಪ. "ಬಲಗಡೆ ಮೂಲೆ ಇನ್ನೂ ನೋಡಿಲ್ಲ ನಾನು."